ಯುದ್ಧದಲ್ಲಿ ಮಡಿದ ಸ್ಕಾಟಿಷ್ ಸೈನಿಕರನ್ನು ದಾಖಲೆಗಳಲ್ಲಿ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಹೆಚ್ಚಾಗಿ ಮೊದಲ ಮಹಾಯುದ್ಧದಲ್ಲಿ ಸತ್ತವರ ಬಗ್ಗೆ. ಜನ ಹೆಚ್ಚು ಹುಡುಕುವುದೂ ಅವರನ್ನೇ, ಹೆಚ್ಚು ಎಡವುವುದೂ ಅಲ್ಲೇ. ಎರಡನೇ ಮಹಾಯುದ್ಧದವರು ಮತ್ತು ಭಾರತದ ನೆಲದಲ್ಲಿ ಮಡಿದವರ ವಿಷಯ ಕೊನೆಯಲ್ಲಿದೆ.

ನನ್ನ ಹತ್ತಿರ ಇರುವುದು ಒಂದು ಹೆಸರು ಮಾತ್ರ. ಎಲ್ಲಿಂದ ಶುರು ಮಾಡಲಿ?

ಹೆಸರಿನಿಂದಲೇ ಶುರು ಮಾಡಿ, ಆದರೆ ಬೇಗ ಹೆಸರನ್ನು ಬಿಟ್ಟು ನಂಬರಿಗೆ ಬನ್ನಿ. ನಮ್ಮ ಬೀದಿಯಲ್ಲಿ ನಿಂತು ‘ಮಂಜುನಾಥ’ ಎಂದು ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರಲ್ಲ, ಜಾನ್ ಮೆಕ್‌ಡೊನಾಲ್ಡ್‌ಗಳ ಪಾಡೂ ಅದೇ. ಸೇನೆಗೂ ಈ ತೊಂದರೆ ಗೊತ್ತಿತ್ತು. ಅದು ಸಿಪಾಯಿಯನ್ನು ಗುರುತಿಸುತ್ತಿದ್ದುದು ರೆಜಿಮೆಂಟು ಮತ್ತು ನಂಬರಿನ ಜೋಡಿಯಿಂದ. ನಂಬರ್ ಒಂದೇ ಸಾಲದು: ಇಡೀ ಸೇನೆಗೆ ಒಂದೇ ಸರಣಿಯ ನಂಬರ್ ಬಂದದ್ದು 1920ರಲ್ಲಿ. ಅದಕ್ಕೆ ಮುಂಚೆ 2345 ಎಂಬ ನಂಬರ್ ಗಾರ್ಡನ್ ಹೈಲ್ಯಾಂಡರ್ಸ್‌ನಲ್ಲೂ ಇರಬಹುದು, ರಾಯಲ್ ಸ್ಕಾಟ್ಸ್‌ನಲ್ಲೂ ಇರಬಹುದು, ಒಂದೇ ರೆಜಿಮೆಂಟಿನ ಬೇರೆ ಬೇರೆ ಬೆಟಾಲಿಯನ್‌ಗಳಲ್ಲೂ ಇರಬಹುದು.

ಮೊದಲ ನಿಲ್ದಾಣ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಆನ್‌ಲೈನ್ ಪಟ್ಟಿ. ದುಡ್ಡು ಕೊಡಬೇಕಿಲ್ಲ. 4 ಆಗಸ್ಟ್ 1914ರಿಂದ 31 ಆಗಸ್ಟ್ 1921ರವರೆಗೆ ಸೇವೆಯಲ್ಲಿದ್ದು ಸತ್ತವರು ಅದರಲ್ಲಿದ್ದಾರೆ, ಅಂದರೆ ಗುಂಡಿನ ಸದ್ದು ನಿಂತ ಮೇಲೆ ಜ್ವರದಿಂದ ಸತ್ತವರೂ ಸೇರಿದ್ದಾರೆ. ‘ಮ್ಯಾಕ್’, ‘ಮೆಕ್’ ಎರಡೂ ಕಾಗುಣಿತ ಹಾಕಿ ನೋಡಿ. ಪೂರ್ತಿ ಹೆಸರಿಗೆ ಸಿಗದಿದ್ದರೆ ಮೊದಲಕ್ಷರ ಮಾತ್ರ ಹಾಕಿ. ತಂದೆ ತಾಯಿಯ ಹೆಸರು, ವಯಸ್ಸು ಖಾಲಿ ಇದ್ದರೆ ಗಾಬರಿ ಬೇಡ: ಆ ವಿವರಗಳು ಮನೆಯವರಿಗೆ ಕಳಿಸಿದ ಫಾರಂನಿಂದ ಬಂದವು. ಫಾರಂ ತಿರುಗಿ ಬರದಿದ್ದರೆ ಕಾಲಂ ಖಾಲಿ.

ಅಲ್ಲಿ ರೆಜಿಮೆಂಟು, ನಂಬರ್, ಸತ್ತ ದಿನ ಸಿಕ್ಕ ಕೂಡಲೇ 1921ರಲ್ಲಿ ಸರ್ಕಾರವೇ 80 ಭಾಗಗಳಲ್ಲಿ ಅಚ್ಚು ಹಾಕಿಸಿದ ಮಡಿದ ಸಿಪಾಯಿಗಳ ಪಟ್ಟಿಗೆ ಹೋಗಿ. ವಂಶಾವಳಿ ಜಾಲತಾಣಗಳಲ್ಲಿ ಅದು ಸಿಗುತ್ತದೆ. ಹುಟ್ಟಿದ ಊರು, ಸೇನೆಗೆ ಸೇರಿದ ಊರು, ಹಿಂದೆ ಬೇರೆ ರೆಜಿಮೆಂಟಿನಲ್ಲಿದ್ದರೆ ಅದರ ಹೆಸರು, ಹಳೇ ನಂಬರ್ ಇವೆಲ್ಲ ಅಲ್ಲಿವೆ. ಸಾವಿನ ಬಗೆಯೂ ಇದೆ: ಕಾಳಗದಲ್ಲಿ ಹತ, ಗಾಯದಿಂದ ಸಾವು, ಅಥವಾ ಬರೀ ‘ಸತ್ತ’. ಈ ಮೂರನೆಯದಕ್ಕೆ ಕಾಯಿಲೆ, ಅಪಘಾತ, ಸೆರೆಯಲ್ಲಿ ಸಾವು ಯಾವ ಅರ್ಥವೂ ಇರಬಹುದು.

ಸ್ಕಾಟ್ಲೆಂಡಿನವನಾದರೆ ದಾಖಲೆಗಳೆಲ್ಲ ಎಡಿನ್‌ಬರೋದಲ್ಲೇ ಇರಬೇಕಲ್ಲವೇ?

ಇಲ್ಲ. ಸ್ಕಾಟಿಷ್ ಸೇನೆ ಎಂದು ಪ್ರತ್ಯೇಕ ಸೇನೆ ಇರಲಿಲ್ಲ, ಇದ್ದದ್ದು ಬ್ರಿಟಿಷ್ ಸೇನೆ. ಸೇವೆ, ಪದಕ, ದಳದ ದಿನಚರಿ ಎಲ್ಲ ಲಂಡನ್ನಿನ ಕ್ಯೂ ಬಡಾವಣೆಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. ಆದರೆ ಹುಟ್ಟು, ಮದುವೆ, ಸಾವು, ಜನಗಣತಿ, ಉಯಿಲು ಇವೆಲ್ಲ ಸ್ಕಾಟ್ಲೆಂಡಿನ ಕಾನೂನಿಗೆ ಸೇರಿದ ಕಾರಣ ಎಡಿನ್‌ಬರೋದ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್‌ನಲ್ಲಿವೆ. ಮನೆಯಿಂದ ನೋಡಲು ಅದರ ಸ್ಕಾಟ್ಲೆಂಡ್ಸ್ ಪೀಪಲ್ ಜಾಲತಾಣ. ಸಿಪಾಯಿಯಾಗಿ ಅವನು ಲಂಡನ್ನಿನಲ್ಲಿ, ಮಗನಾಗಿ ಎಡಿನ್‌ಬರೋದಲ್ಲಿ. ಎರಡೂ ಕಡೆ ಹುಡುಕದೆ ಕೆಲಸ ಮುಗಿಯುವುದಿಲ್ಲ.

ರೆಜಿಮೆಂಟಿನ ಮ್ಯೂಸಿಯಂಗಳಿಗೆ, ಅಂದರೆ ಪರ್ತ್‌ನ ಬಾಲ್‌ಹೌಸಿ ಕೋಟೆಯ ಬ್ಲ್ಯಾಕ್ ವಾಚ್, ಅಬರ್‌ಡೀನ್‌ನ ಗಾರ್ಡನ್ ಹೈಲ್ಯಾಂಡರ್ಸ್, ಸ್ಟರ್ಲಿಂಗ್ ಕೋಟೆಯ ಆರ್ಗೈಲ್ಸ್ ಇಂಥವುಗಳಿಗೆ ಬರೆದು ಸೇವಾ ಕಡತ ಕೇಳುವವರಿದ್ದಾರೆ. ಕಡತಗಳು ಅಲ್ಲಿಲ್ಲ. ಫೋಟೋ, ಪತ್ರ, ರೆಜಿಮೆಂಟಿನ ಪತ್ರಿಕೆ ಬೇಕಾದರೆ ಬರೆಯಿರಿ, ಬೆಟಾಲಿಯನ್ ಯಾವುದು ಎಂದು ತಿಳಿಸಿಯೇ ಬರೆಯಿರಿ.

ಎಷ್ಟು ಹುಡುಕಿದರೂ ಸೇವಾ ಕಡತ ಸಿಗುತ್ತಿಲ್ಲ. ನನ್ನ ತಪ್ಪೇ?

ಬಹುಶಃ ಅಲ್ಲ. 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಆರ್ನ್‌ಸೈಡ್ ಬೀದಿಯ ಯುದ್ಧ ಇಲಾಖೆಯ ಗೋದಾಮಿನ ಮೇಲೆ ಜರ್ಮನ್ ಬಾಂಬು ಬಿತ್ತು. ಮೊದಲ ಮಹಾಯುದ್ಧದ ಸಿಪಾಯಿಗಳ ಕಡತಗಳಲ್ಲಿ ನೂರಕ್ಕೆ ಸುಮಾರು 60 ಪಾಲು ಬೂದಿಯಾಯಿತು. ಉಳಿದದ್ದು ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯೂಓ 363 ಎಂಬ ಸರಣಿ (ಡಬ್ಲ್ಯೂಓ ಎಂದರೆ ವಾರ್ ಆಫೀಸ್, ಅಂದರೆ ಯುದ್ಧ ಇಲಾಖೆ). ಸ್ಕ್ಯಾನ್ ತೆರೆದರೆ ಹಾಳೆಯ ಅಂಚು ಕರಕಲಾಗಿರುವುದು, ಬೆಂಕಿ ಆರಿಸಿದ ನೀರಿಗೆ ಶಾಯಿ ಹರಡಿರುವುದು ಕಾಣುತ್ತದೆ. ಹಾಗಾಗಿ ಕಡತ ಸಿಕ್ಕರೆ ಅದೃಷ್ಟ, ಸಿಗದಿದ್ದರೆ ಅದೇ ಮಾಮೂಲು. ಡಬ್ಲ್ಯೂಓ 364 ಎಂಬ ‘ಸುಡದ’ ಸರಣಿ ಪಿಂಚಣಿ ಪಡೆದವರದ್ದು, ಸತ್ತವರು ಅದರಲ್ಲಿ ಸಿಗುವುದು ಅಪರೂಪ.

ಕಡತ ಇಲ್ಲದಿದ್ದರೂ ಪದಕದ ಸೂಚಿ ಕಾರ್ಡು ಉಳಿದಿದೆ (ಡಬ್ಲ್ಯೂಓ 372). ಹೊರದೇಶದ ರಣರಂಗಕ್ಕೆ ಹೋದ ಹೆಚ್ಚುಕಡಿಮೆ ಪ್ರತಿಯೊಬ್ಬನಿಗೂ ಒಂದು ಕಾರ್ಡಿದೆ. 1915ರ ಒಳಗೆ ಹೋದವನಾದರೆ ಮೊದಲು ಕಾಲಿಟ್ಟ ರಣರಂಗದ ಸಂಕೇತ, ತಾರೀಕು ಎರಡೂ ಇರುತ್ತವೆ: 1 ಎಂದರೆ ಫ್ರಾನ್ಸ್, 2ಬಿ ಎಂದರೆ ಗಲಿಪೊಲಿ. 1916 ಅಥವಾ ಆಮೇಲೆ ಹೋದವನಿಗೆ ಆ ಜಾಗ ಸಾಮಾನ್ಯವಾಗಿ ಖಾಲಿ.

ಒಬ್ಬನಿಗೇ ಎರಡು ನಂಬರ್ ಇದೆ. ಇಬ್ಬರು ಬೇರೆ ಬೇರೆಯವರೇ?

ಒಬ್ಬನೇ ಇರುವ ಸಾಧ್ಯತೆ ಹೆಚ್ಚು. 1917ರ ಆರಂಭದಲ್ಲಿ ಟೆರಿಟೋರಿಯಲ್ ಬೆಟಾಲಿಯನ್‌ಗಳ, ಅಂದರೆ ಅರೆಕಾಲಿಕ ಸ್ವಯಂಸೇವಕರ ದಳಗಳ, ಎಲ್ಲರಿಗೂ ಹೊಸ ಆರಂಕಿ ನಂಬರ್ ಕೊಟ್ಟರು. ರೆಜಿಮೆಂಟಿನ ಮೊದಲ ಟೆರಿಟೋರಿಯಲ್ ಬೆಟಾಲಿಯನ್‌ಗೆ 200001ರಿಂದ, ಎರಡನೆಯದಕ್ಕೆ 240001ರಿಂದ, ಮೂರನೆಯದಕ್ಕೆ 265001ರಿಂದ, ನಾಲ್ಕನೆಯದಕ್ಕೆ 290001ರಿಂದ. ಬ್ಲ್ಯಾಕ್ ವಾಚ್‌ನಲ್ಲಿ ಟೆರಿಟೋರಿಯಲ್ ಬೆಟಾಲಿಯನ್‌ಗಳು 4ರಿಂದ 7. ಹಾಗಾಗಿ 265 ಎಂದು ಶುರುವಾಗುವ ನಂಬರ್ ಕಂಡರೆ ಅವನು 6ನೇ ಬೆಟಾಲಿಯನ್ನಿನವನು ಎಂದು ಹೇಳಬಹುದು, ಕಾಗದದಲ್ಲಿ ಬೆಟಾಲಿಯನ್ ಬರೆಯದಿದ್ದರೂ ಸರಿ. 1917ಕ್ಕೆ ಮೊದಲೇ ಸತ್ತವನಿಗೆ ಹಳೇ ಸಣ್ಣ ನಂಬರ್ ಮಾತ್ರ ಇರುತ್ತದೆ.

ಹೈಲ್ಯಾಂಡ್ ರೆಜಿಮೆಂಟುಗಳಲ್ಲಿ ನಂಬರಿನ ಮುಂದೆ ‘ಎಸ್/’ ಇದ್ದರೆ ಯುದ್ಧಕಾಲಕ್ಕೆಂದು ಸೇರಿದವನು, ಯುದ್ಧ ಮಂತ್ರಿ ಕಿಚನರ್‌ನ ಕರೆಗೆ ಓಗೊಟ್ಟು ಬಂದವರ ಪೈಕಿ. ‘3/’ ಇದ್ದರೆ ಸ್ಪೆಷಲ್ ರಿಸರ್ವ್, ಅಂದರೆ ಮೀಸಲು ಪಡೆಯವನು. ಹುಡುಕುವಾಗ ಈ ಅಕ್ಷರ ಹಾಕಿಯೂ ಬಿಟ್ಟೂ ನೋಡಬೇಕು. ನಕಲು ಮಾಡಿದವರು ‘ಎಸ್’ ಅನ್ನು 5 ಎಂದು ಓದಿಬಿಟ್ಟಿರುವುದೂ ಉಂಟು.

ಇನ್ನು ‘1/7ನೇ ರಾಯಲ್ ಸ್ಕಾಟ್ಸ್’ ಎಂಬಂಥ ಬರಹ ಭಿನ್ನರಾಶಿಯಲ್ಲ. 7ನೇ ಬೆಟಾಲಿಯನ್ನಿನ ಮೊದಲ ಸಾಲು ಎಂದು ಅರ್ಥ. 2/7 ಬೇರೆಯೇ ದಳ. ಇದನ್ನು ತಪ್ಪಿಸಿಕೊಂಡರೆ ಬೇರೆ ಯಾರದೋ ಯುದ್ಧದ ದಿನಚರಿ ಓದುತ್ತಾ ಕೂರುತ್ತೀರಿ.

ಸ್ಕಾಟ್ಲೆಂಡ್ಸ್ ಪೀಪಲ್‌ನಲ್ಲಿ ಅವನ ಮರಣ ದಾಖಲೆಗೆ ದುಡ್ಡು ಕೊಟ್ಟರೆ ಏನು ಸಿಗುತ್ತದೆ?

ಎಲ್ಲಿ ಸತ್ತ ಎಂಬುದರ ಮೇಲೆ ಹೋಗುತ್ತದೆ. ಸ್ಕಾಟ್ಲೆಂಡಿನೊಳಗೆ, ಆಸ್ಪತ್ರೆಯಲ್ಲೋ ತರಬೇತಿಯಲ್ಲೋ ಸತ್ತಿದ್ದರೆ ಊರಿನ ಎಲ್ಲರ ಹಾಗೆ ಸಾಮಾನ್ಯ ಮರಣ ರಿಜಿಸ್ಟರಿನಲ್ಲಿ ಇರುತ್ತಾನೆ. 22 ಮೇ 1915ರಂದು ಗಲಿಪೊಲಿಗೆ ಹೊರಟಿದ್ದ 1/7ನೇ ರಾಯಲ್ ಸ್ಕಾಟ್ಸ್‌ನ ರೈಲು ಗ್ರೆಟ್ನಾ ಬಳಿಯ ಕ್ವಿಂಟಿನ್ಸ್‌ಹಿಲ್‌ನಲ್ಲಿ ಅಪಘಾತಕ್ಕೀಡಾಗಿ 200ಕ್ಕೂ ಹೆಚ್ಚು ಜನ ಸತ್ತರು. ಅವರು ಸಮುದ್ರ ದಾಟಿಯೇ ಇರಲಿಲ್ಲ, ಹಾಗಾಗಿ ಅವರನ್ನು ಹೊರದೇಶದ ಪಟ್ಟಿಯಲ್ಲಿ ಹುಡುಕಬಾರದು. ಸಾಮಾನ್ಯ ರಿಜಿಸ್ಟರ್ ಬಹಳ ಬೆಲೆಯುಳ್ಳದ್ದು: ತಂದೆಯ ಕಸುಬು, ತಾಯಿಯ ತವರಿನ ಹೆಸರು ಎರಡೂ ಅದರಲ್ಲಿರುತ್ತವೆ. ಸ್ಕಾಟ್ಲೆಂಡಿನ ದಾಖಲೆಗಳಲ್ಲಿ ಹೆಣ್ಣುಮಗಳ ತವರಿನ ಹೆಸರು ಅಳಿಸಿಹೋಗುವುದಿಲ್ಲ. ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಹೊರದೇಶದಲ್ಲಿ ಸತ್ತಿದ್ದರೆ ‘ಮೈನರ್ ರೆಕಾರ್ಡ್ಸ್’ ವಿಭಾಗದ ಯುದ್ಧ ರಿಜಿಸ್ಟರ್ ನೋಡಿ. 1914–18ರದ್ದು ವಾರಂಟ್ ಆಫೀಸರ್‌ನಿಂದ ಕೆಳಗಿನವರದ್ದು, ಅಧಿಕಾರಿಗಳದ್ದಲ್ಲ. 1939–45ರದ್ದು ಅಪೂರ್ಣ. ಇದರ ನಮೂದು ಸಾಮಾನ್ಯ ರಿಜಿಸ್ಟರಿನಷ್ಟು ತುಂಬಿಕೊಂಡಿರುವುದಿಲ್ಲ, ನಂಬರ್, ಹುದ್ದೆ, ವಯಸ್ಸು, ಸತ್ತ ದಿನ ಇಷ್ಟಕ್ಕೇ ತೃಪ್ತಿಪಡಬೇಕಾಗುತ್ತದೆ. ಆಯೋಗದ ಪುಟದಲ್ಲಿ ಇವೆಲ್ಲ ಪುಕ್ಕಟೆ ಸಿಕ್ಕಿದ್ದರೆ ಆ ದುಡ್ಡನ್ನು ಅವನ ಜನನ ದಾಖಲೆಗೋ 1911ರ ಜನಗಣತಿಗೋ ಹಾಕುವುದು ಮೇಲು.

ಸಿಪಾಯಿಗಳ ಉಯಿಲು ಇದೆಯಂತೆ, ನಿಜವೇ?

ನಿಜ. ಎಡಿನ್‌ಬರೋದಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತ ಸುಮಾರು 26,000 ಸ್ಕಾಟಿಷ್ ಸಿಪಾಯಿಗಳ, ಎರಡನೆಯದರ ಸುಮಾರು 5,000 ಜನರ ಉಯಿಲುಗಳಿವೆ. ಬೋಯರ್, ಕೊರಿಯಾ ಯುದ್ಧಗಳವೂ ಕೆಲವು ನೂರು ಇವೆ. ಮೊದಲ ಯುದ್ಧದವು ಎಸ್‌ಸಿ 70/8, ಎರಡನೆಯದರವು ಎಸ್‌ಸಿ 70/10. ಸ್ಕಾಟ್ಲೆಂಡ್ಸ್ ಪೀಪಲ್‌ನಲ್ಲಿ ಚಿತ್ರ ಸಮೇತ ಸಿಗುತ್ತವೆ.

ಉಯಿಲು ಎಂದ ಕೂಡಲೇ ಛಾಪಾ ಕಾಗದ, ಸಾಕ್ಷಿ ಎಂದು ಊಹಿಸಬೇಡಿ. ಸಿಪಾಯಿ ಜೇಬಿನಲ್ಲಿಟ್ಟುಕೊಂಡಿರುತ್ತಿದ್ದ ಪುಟ್ಟ ಸಂಬಳದ ಪುಸ್ತಕದ ಒಂದು ಹಾಳೆ ಅದು. ನಾನು ಸತ್ತರೆ ನನ್ನದೆಲ್ಲ ತಾಯಿಗೆ ಸೇರಲಿ ಎಂದು ಎರಡು ಮೂರು ಸಾಲು, ತಾಯಿಯ ಹೆಸರು, ಮನೆಯ ವಿಳಾಸ, ಸಹಿ, ನಂಬರ್, ರೆಜಿಮೆಂಟು, ತಾರೀಕು. ಕೆಲವೊಮ್ಮೆ ಮನೆಗೆ ಬರೆದ ಪತ್ರವನ್ನೇ ಉಯಿಲೆಂದು ಒಪ್ಪಿದ್ದಾರೆ. ಸಂಶೋಧಕರಿಗೆ ಇದರ ಬೆಲೆ ಆಸ್ತಿಯಲ್ಲಿಲ್ಲ, ವಿಳಾಸದಲ್ಲಿದೆ: ಆ ವಿಳಾಸ ಹಿಡಿದು ಜನಗಣತಿಗೆ, ಮನೆಕಂದಾಯದ ಪಟ್ಟಿಗೆ ಹೋದರೆ ಇಡೀ ಕುಟುಂಬ ಸಿಗುತ್ತದೆ.

ಉಯಿಲು ಬರೆಯದವರೂ ಬಹಳ ಜನ. ಪಟ್ಟಿಯಲ್ಲಿ ಇಲ್ಲ ಎಂದರೆ ಸ್ಕಾಟ್ಲೆಂಡಿನವನೇ ಅಲ್ಲ ಎಂದು ತೀರ್ಮಾನಿಸಬೇಡಿ. ಅಧಿಕಾರಿಗಳ ಉಯಿಲು ಈ ಗುಂಪಿನಲ್ಲಿ ಇಲ್ಲ, ನಾಗರಿಕರ ಉಯಿಲುಗಳ ಜೊತೆ ಹುಡುಕಬೇಕು.

ಅವನು ಯಾವಾಗ ಸೇನೆಗೆ ಸೇರಿದ ಎಂದು ಕಡತ ಇಲ್ಲದೆ ತಿಳಿಯುವುದು ಹೇಗೆ?

ಲೆಕ್ಕ ಹಾಕಿ. ಸತ್ತ ಸಿಪಾಯಿಗೆ ಬರಬೇಕಿದ್ದ ಹಣವನ್ನು ಯಾರಿಗೆ, ಎಷ್ಟು ಕೊಟ್ಟರು ಎಂಬ ಲೆಕ್ಕದ ರಿಜಿಸ್ಟರುಗಳು ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನವು. ಆ್ಯನ್‌ಸೆಸ್ಟ್ರಿಯಲ್ಲಿ ನೋಡಬಹುದು. ಅದರಲ್ಲಿ ಯುದ್ಧ ಗ್ರಾಚುಯಿಟಿ ಎಂಬ ಮೊತ್ತ ಇರುತ್ತದೆ. ಹೊರದೇಶಕ್ಕೆ ಹೋಗಿದ್ದ ಸಾದಾ ಸಿಪಾಯಿಗೆ ಮೊದಲ 12 ತಿಂಗಳಿಗೆ 5 ಪೌಂಡು, ಆಮೇಲಿನ ಪ್ರತಿ ತಿಂಗಳಿಗೆ 10 ಶಿಲಿಂಗು.

ಒಂದು ಉದಾಹರಣೆ. 9 ಏಪ್ರಿಲ್ 1917ರಂದು, ಅರಾಸ್ ಕದನದ ಮೊದಲ ದಿನ, ಒಬ್ಬ ಸತ್ತಿದ್ದಾನೆ. ಗ್ರಾಚುಯಿಟಿ 9 ಪೌಂಡು 10 ಶಿಲಿಂಗು. ಅದರಿಂದ 5 ಪೌಂಡು ಕಳೆದರೆ 4 ಪೌಂಡು 10 ಶಿಲಿಂಗು, ಅಂದರೆ 90 ಶಿಲಿಂಗು (ಆಗ ಪೌಂಡಿಗೆ 20 ಶಿಲಿಂಗು), ಅಂದರೆ 9 ತಿಂಗಳು. 12ಕ್ಕೆ 9 ಕೂಡಿಸಿದರೆ 21 ತಿಂಗಳು. ಹಿಂದಕ್ಕೆ ಎಣಿಸಿದರೆ ಅವನು ಸೇರಿದ್ದು 1915ರ ಜುಲೈ ಅಥವಾ ಆಗಸ್ಟ್.

ತಪ್ಪಾಗುವ ಜಾಗ ಎರಡು. ಬಾಕಿ ಸಂಬಳದ ಮೊತ್ತ ಬೇರೆ ಕಾಲಂನಲ್ಲಿರುತ್ತದೆ, ಅದನ್ನೂ ಸೇರಿಸಿ ಎಣಿಸಿದರೆ ಲೆಕ್ಕವೆಲ್ಲ ಕೆಡುತ್ತದೆ. ಎರಡನೆಯದು, ಹಣ ತಂದೆ, ತಾಯಿ, ಅಣ್ಣತಮ್ಮಂದಿರಿಗೆ ಹಂಚಿಹೋಗಿದ್ದರೆ ಗ್ರಾಚುಯಿಟಿಯ ಪಾಲುಗಳನ್ನೆಲ್ಲ ಕೂಡಿಸಿದ ಮೇಲೆ ಎಣಿಸಬೇಕು. ಸಾರ್ಜೆಂಟ್ ಮುಂತಾದವರಿಗೆ ಮೂಲ ಮೊತ್ತವೇ ಹೆಚ್ಚು, ಈ ಸೂತ್ರ ಅವರಿಗೆ ಹೊಂದದು.

ಅವನು ಹೇಗೆ ಸತ್ತ ಎಂದು ಯುದ್ಧದ ದಿನಚರಿಯಲ್ಲಿ ಬರೆದಿರುತ್ತದೆಯೇ?

ಅವನ ಹೆಸರು ಹಿಡಿದು ಬರೆದಿರುವುದು ಬಹಳ ಕಡಿಮೆ. ಬೆಟಾಲಿಯನ್ನಿನ ದಿನಚರಿ (ಫ್ರಾನ್ಸ್, ಬೆಲ್ಜಿಯಂನವು ಡಬ್ಲ್ಯೂಓ 95ರಲ್ಲಿ) ಅಧಿಕಾರಿಗಳ ಹೆಸರು ಹೇಳುತ್ತದೆ. ಸಿಪಾಯಿಗಳು ‘ಓ.ಆರ್.’ (ಅದರ್ ರ್ಯಾಂಕ್ಸ್) ಎಂಬ ಎರಡಕ್ಷರ, ಪಕ್ಕದಲ್ಲೊಂದು ಅಂಕಿ. ಮೂರು ಓ.ಆರ್. ಹತ, ಹನ್ನೊಂದು ಓ.ಆರ್. ಗಾಯ, ಇಷ್ಟೇ. ಆ ಮೂವರಲ್ಲಿ ಒಬ್ಬ ನಿಮ್ಮವನು ಎಂದು ಕಂಡುಕೊಳ್ಳಲು ಆಯೋಗದ ಪಟ್ಟಿಯಲ್ಲಿ ಅದೇ ಬೆಟಾಲಿಯನ್, ಅದೇ ದಿನ ಹಾಕಿ ಎಷ್ಟು ಹೆಸರು ಬರುತ್ತವೆ ನೋಡಿ. ಅಂಕಿ ಹೊಂದಿದರೆ ದಿನವೂ ಸರಿ, ಬೆಟಾಲಿಯನ್ನೂ ಸರಿ ಎಂದು ಧೈರ್ಯ ತಂದುಕೊಳ್ಳಬಹುದು.

25 ಸೆಪ್ಟೆಂಬರ್ 1915ರ ಲೂಸ್ ಕದನದಂಥ ದಿನಗಳಲ್ಲಿ, 9 ಮತ್ತು 15ನೇ ಸ್ಕಾಟಿಷ್ ಡಿವಿಷನ್‌ಗಳು ಒಟ್ಟಿಗೆ ನುಗ್ಗಿದ ದಿನ ಅದು, ಈ ಉಪಾಯ ನಡೆಯದು. ಸತ್ತವರು ಅಷ್ಟು ಜನ. ಕಾಣೆಯಾದವರಿಗೆ ತಿಂಗಳುಗಳ ನಂತರ ಆ ದಿನವನ್ನೇ ಅಧಿಕೃತವಾಗಿ ಸತ್ತ ದಿನವೆಂದು ಹಾಕಿದ್ದಾರೆ. ಕಾಣೆಯಾದವನು ಸೆರೆ ಸಿಕ್ಕಿರಬಹುದು ಎಂಬ ಅನುಮಾನ ಇದ್ದರೆ ಅಂತರರಾಷ್ಟ್ರೀಯ ರೆಡ್ ಕ್ರಾಸ್‌ನ ಯುದ್ಧಕೈದಿಗಳ ಕಾರ್ಡುಗಳನ್ನು ಆನ್‌ಲೈನಿನಲ್ಲಿ ಪುಕ್ಕಟೆಯಾಗಿ ನೋಡಬಹುದು.

ಬೆಟಾಲಿಯನ್ ವಿಶ್ರಾಂತಿಯಲ್ಲಿದ್ದ ದಿನ ಅವನು ಸತ್ತಿದ್ದರೆ ಸ್ಮಶಾನದ ಹೆಸರನ್ನೇ ಓದಿ. ಎಟಾಪ್ಲ್ ಎಂದರೆ ಕಡಲತೀರದ ದೊಡ್ಡ ಆಸ್ಪತ್ರೆಗಳ ಜಾಗ. ಲೈಸೆನ್‌ಹೂಕ್ ಎಂದರೆ ರಣರಂಗದ ಹಿಂದೆ ಗಾಯಾಳುಗಳನ್ನು ತರುತ್ತಿದ್ದ ಚಿಕಿತ್ಸಾ ಠಾಣೆಗಳ ಜಾಗ. ಗಾಯವಾದದ್ದು ಅದಕ್ಕೆ ಕೆಲವು ದಿನ ಮುಂಚೆ, ಹಾಗಾಗಿ ದಿನಚರಿಯ ಹಿಂದಿನ ಹಾಳೆಗಳನ್ನು ತಿರುವಿ.

ಸಮಾಧಿಯ ಕಾಗದದಲ್ಲಿ ‘57ಸಿ.ಟಿ.18.ಬಿ.3.6’ ಎಂದಿದೆ. ಏನಿದು?

ಅದು ಅವನ ಶವ ಮೊದಲು ಸಿಕ್ಕ ಜಾಗ, ಇಡೀ ಹುಡುಕಾಟದಲ್ಲಿ ಕೈಗೆ ಸಿಗುವ ಅತ್ಯಂತ ನಿಖರವಾದ ಮಾಹಿತಿ. ಯುದ್ಧ ಮುಗಿದ ಮೇಲೆ ಚದುರಿದ ಸಮಾಧಿಗಳನ್ನು ಅಗೆದು ದೊಡ್ಡ ಸ್ಮಶಾನಗಳಿಗೆ ತಂದರು. ಆಗ ಬರೆದ ‘ಕಾನ್ಸಂಟ್ರೇಷನ್’ ವರದಿ ಆಯೋಗದ ಪುಟದಲ್ಲೇ ಸ್ಕ್ಯಾನ್ ಆಗಿ ಇರುತ್ತದೆ, ಪುಟದ ಕೆಳಗೆ ಹೋಗಿ ನೋಡಿ.

ಓದುವ ಕ್ರಮ ಹೀಗೆ. 57ಸಿ ಎಂಬುದು ನಕ್ಷೆಯ ಹಾಳೆ. ಟಿ ಎಂಬುದು ಅದರೊಳಗಿನ ದೊಡ್ಡ ಚೌಕ. 18 ಎಂಬುದು ಅದರೊಳಗೆ 1,000 ಗಜ ಅಗಲದ ಚೌಕ. ಬಿ ಎಂದರೆ ಅದರ ಕಾಲುಭಾಗ, 500 ಗಜ: ಮೇಲೆ ಎಡಕ್ಕೆ ಎ, ಬಲಕ್ಕೆ ಬಿ, ಕೆಳಗೆ ಸಿ, ಡಿ. ಕೊನೆಯ ಎರಡು ಅಂಕಿಗಳಲ್ಲಿ ಮೊದಲನೆಯದು ಪೂರ್ವಕ್ಕೆ, ಎರಡನೆಯದು ಉತ್ತರಕ್ಕೆ, ಹತ್ತರಲ್ಲಿ ಎಷ್ಟು ಭಾಗ ಎಂದು. ಅಂದರೆ 50 ಗಜದ ಅಂದಾಜಿಗೆ ಜಾಗ ಸಿಕ್ಕಂತಾಯಿತು. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್ ಆ ಕಾಲದ ಕಂದಕ ನಕ್ಷೆಗಳನ್ನು ಪುಕ್ಕಟೆ ಇಟ್ಟಿದೆ, ಅದರ ಮೇಲೆ ಹಚ್ಚಿ ನೋಡಿ.

ಸಮಾಧಿ ಸಂಖ್ಯೆಯ ಬದಲು ‘ಪ್ಯಾನೆಲ್’ (ಅರಾಸ್‌ನಲ್ಲಿ ‘ಬೇ’, ಥಿಯೆಪ್‌ವಾಲ್‌ನಲ್ಲಿ ‘ಪಿಯರ್ ಅಂಡ್ ಫೇಸ್’) ಎಂದಿದ್ದರೆ ಅವನಿಗೆ ಗುರುತಾದ ಸಮಾಧಿ ಇಲ್ಲ, ಲೂಸ್, ಅರಾಸ್, ಥಿಯೆಪ್‌ವಾಲ್‌ನಂಥ ಸ್ಮಾರಕದ ಗೋಡೆಯಲ್ಲಿ ಹೆಸರು ಮಾತ್ರ ಇದೆ.

ಊರಿನ ಸ್ಮಾರಕದಲ್ಲಿ ಹೆಸರಿದೆ, ಸ್ಕಾಟಿಷ್ ರೆಜಿಮೆಂಟುಗಳಲ್ಲಿ ಎಲ್ಲೂ ಇಲ್ಲ. ಏಕೆ?

ಸ್ಕಾಟಿಷ್ ರೆಜಿಮೆಂಟಿನಲ್ಲೇ ಇದ್ದಿರಬೇಕಿಲ್ಲ. ಫಿರಂಗಿದಳ, ಎಂಜಿನಿಯರ್ಸ್, ಮಷಿನ್ ಗನ್ ದಳ, ಇಂಗ್ಲಿಷ್ ರೆಜಿಮೆಂಟುಗಳಲ್ಲಿ ಸಾವಿರಾರು ಸ್ಕಾಟರಿದ್ದರು. ವಲಸೆ ಹೋಗಿದ್ದವರು ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇನೆಗಳಲ್ಲಿದ್ದರು. ನಿಮ್ಮವನು ಈ ಗುಂಪಿನವನಾದರೆ ಒಂದು ರೀತಿಯಲ್ಲಿ ಲಾಭವೇ: ಆ ದೇಶಗಳ ಕಡತಗಳ ಮೇಲೆ ಬಾಂಬು ಬೀಳಲಿಲ್ಲ. ಎತ್ತರ, ಕಣ್ಣಿನ ಬಣ್ಣ, ಸ್ಕಾಟ್ಲೆಂಡಿನಲ್ಲಿದ್ದ ತಾಯಿಯ ವಿಳಾಸದವರೆಗೆ ಎಲ್ಲವೂ ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತವೆ.

ಸ್ಮಾರಕಕ್ಕೆ ಯಾರ ಹೆಸರು ಹಾಕಬೇಕೆಂದು ಊರಿನ ಸಮಿತಿಯೇ ತೀರ್ಮಾನಿಸುತ್ತಿತ್ತು. ಹುಟ್ಟಿದ ಊರು, ಕೆಲಸದ ಊರು, ತಂದೆತಾಯಿ ಆಮೇಲೆ ಹೋಗಿ ನೆಲೆಸಿದ ಊರು, ಹೀಗೆ ಮೂರು ಕಡೆ ಒಬ್ಬನದೇ ಹೆಸರು ಬಂದಿದೆ. ಎಡಿನ್‌ಬರೋ ಕೋಟೆಯಲ್ಲಿರುವ ರಾಷ್ಟ್ರೀಯ ಯುದ್ಧ ಸ್ಮಾರಕದ ಪಟ್ಟಿಯಲ್ಲಿ ಇದರ ಉಲ್ಟಾ: ಸ್ಕಾಟಿಷ್ ರೆಜಿಮೆಂಟಿನಲ್ಲಿದ್ದು ಸತ್ತ ಇಂಗ್ಲೆಂಡಿನವರೂ ಇದ್ದಾರೆ. ಅಲ್ಲಿ ಹೆಸರಿದ್ದ ಮಾತ್ರಕ್ಕೆ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ ಎಂದುಕೊಳ್ಳಬೇಡಿ.

ಕಡ್ಡಾಯ ಭರ್ತಿಗೆ ಅವನು ವಿನಾಯಿತಿ ಕೇಳಿದ್ದನೇ?

ಲೋಥಿಯನ್ ಮತ್ತು ಪೀಬಲ್ಸ್ ಭಾಗದವನಾದರೆ ಮೇಲ್ಮನವಿ ಮಂಡಳಿಯ ಕಾಗದಗಳು ಎಡಿನ್‌ಬರೋದಲ್ಲಿ ಎಚ್‌ಎಚ್ 30ರಲ್ಲಿ ಉಳಿದಿವೆ. ಬೇರೆ ಕಡೆಯವನ್ನು ಬಹುಪಾಲು ಸರ್ಕಾರವೇ ನಾಶ ಮಾಡಿಸಿತು.

ಅಧಿಕಾರಿಯಾಗಿದ್ದರೆ?

ಡಬ್ಲ್ಯೂಓ 339, ಟೆರಿಟೋರಿಯಲ್ ಆಗಿದ್ದರೆ ಡಬ್ಲ್ಯೂಓ 374. ಮುಖ್ಯ ಕಡತ ಸುಟ್ಟುಹೋಗಿದೆ, ಇಲ್ಲಿರುವುದು ಪತ್ರವ್ಯವಹಾರ. ಸತ್ತವನ ವಿಷಯದಲ್ಲಿ ಅದೇ ಹೆಚ್ಚು ಮಾತಾಡುತ್ತದೆ: ಅವನ ಗಡಿಯಾರ, ಚೆಕ್ ಪುಸ್ತಕ ಮನೆಗೆ ಕಳಿಸಿದ ಪಟ್ಟಿಯೂ ಇರಬಹುದು.

ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಪದಕ ಸಿಕ್ಕಿದೆ. ಯಾರದೆಂದು ತಿಳಿಯಬಹುದೇ?

ಮೊದಲ ಯುದ್ಧದ ಬೆಳ್ಳಿ ಪದಕವಾದರೆ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ: ನಂಬರ್, ಹುದ್ದೆ, ಹೆಸರು, ರೆಜಿಮೆಂಟು ಕೊರೆದಿರುತ್ತದೆ. ಅದು ಅವನು ರಣರಂಗಕ್ಕೆ ಮೊದಲು ಹೋದಾಗಿನ ರೆಜಿಮೆಂಟು, ಸತ್ತಾಗ ಬೇರೆಯದರಲ್ಲಿ ಇದ್ದಿರಬಹುದು. ಪಾಲಿಶ್ ಮಾಡಬೇಡಿ, ಅಕ್ಷರ ಸವೆಯುತ್ತದೆ. ಅಂಗೈಯಗಲದ, ಸುಮಾರು 120 ಮಿಲಿಮೀಟರ್ ವ್ಯಾಸದ ಕಂಚಿನ ಬಿಲ್ಲೆಯಾದರೆ ಅದು ಸತ್ತವರ ಮನೆಗೆ ಕಳಿಸಿದ್ದು. ಅದರಲ್ಲಿ ಹೆಸರು ಮಾತ್ರ, ಹುದ್ದೆಯಿಲ್ಲ, ನಂಬರಿಲ್ಲ. ಅಪರೂಪದ ಹೆಸರಲ್ಲದಿದ್ದರೆ ಬಿಲ್ಲೆಯೊಂದರಿಂದಲೇ ಆಸಾಮಿಯನ್ನು ಹಿಡಿಯುವುದು ಕಷ್ಟ. ಎರಡನೇ ಯುದ್ಧದ ಬ್ರಿಟಿಷ್ ಪದಕಗಳಲ್ಲಿ ಹೆಸರೇ ಇಲ್ಲ.

ಎರಡನೇ ಮಹಾಯುದ್ಧದವರಿಗೆ ದಾರಿ ಬೇರೆಯೇ?

ಆಯೋಗದ ಪಟ್ಟಿ ಅದೇ (3 ಸೆಪ್ಟೆಂಬರ್ 1939ರಿಂದ 31 ಡಿಸೆಂಬರ್ 1947). ಈ ಯುದ್ಧದಲ್ಲಿ ನಂಬರೇ ದೊಡ್ಡ ಸುಳಿವು: ರೆಜಿಮೆಂಟು ಬದಲಾದರೂ ನಂಬರ್ ಬದಲಾಗುತ್ತಿರಲಿಲ್ಲ. 2744001ರಿಂದ 2809000 ಬ್ಲ್ಯಾಕ್ ವಾಚ್‌ಗೆ, 2865001ರಿಂದ 2921000 ಗಾರ್ಡನ್ಸ್‌ಗೆ ಮೀಸಲು. ಸತ್ತಾಗ ಎಲ್ಲೇ ಇದ್ದರೂ ಮೊದಲು ಎಲ್ಲಿದ್ದ ಎಂದು ನಂಬರೇ ಹೇಳುತ್ತದೆ. ಸೇವಾ ಕಡತಗಳು ಸುಟ್ಟಿಲ್ಲ. 2022ರಿಂದ ರಕ್ಷಣಾ ಇಲಾಖೆಯಿಂದ ನ್ಯಾಷನಲ್ ಆರ್ಕೈವ್ಸ್‌ಗೆ ಹಂತಹಂತವಾಗಿ ಹೋಗುತ್ತಿವೆ, ಅರ್ಜಿ ಹಾಕಿ ಕಾಯಬೇಕು. ಡಬ್ಲ್ಯೂಓ 304ರ ಗೌರವ ಪಟ್ಟಿಯಲ್ಲಿ ಹುಟ್ಟಿದ ಜಾಗ, ವಾಸದ ಜಾಗ, ರಣರಂಗ ಎಲ್ಲವೂ ಸಂಕೇತದಲ್ಲಿವೆ, ಸಂಕೇತಗಳ ಕೀಲಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ. 12 ಜೂನ್ 1940ರಂದು ಸೇಂಟ್ ವ್ಯಾಲರಿಯಲ್ಲಿ ಶರಣಾದ 51ನೇ ಹೈಲ್ಯಾಂಡ್ ಡಿವಿಷನ್ನಿನವರಾದರೆ ಕೈದಿಗಳ ಪಟ್ಟಿ ಡಬ್ಲ್ಯೂಓ 392 ನೋಡದೆ ಬಿಡಬೇಡಿ.

ಭಾರತದಲ್ಲಿ, ಅದರಲ್ಲೂ ನಮ್ಮ ಕಡೆ ಸತ್ತ ಸ್ಕಾಟಿಷ್ ಸಿಪಾಯಿಯನ್ನು ಹೇಗೆ ಹುಡುಕುವುದು?

ಕಾಲ ನೋಡಿಕೊಂಡು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ 73, 74ನೇ ಹೈಲ್ಯಾಂಡ್ ರೆಜಿಮೆಂಟುಗಳೂ ಸ್ಕಾಚ್ ಬ್ರಿಗೇಡೂ ಇದ್ದವು. ಅವರಿಗೆ ಆಯೋಗದ ಪಟ್ಟಿ ಇಲ್ಲ. ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯೂಓ 12ರ ಹಾಜರಿ ಮತ್ತು ಸಂಬಳದ ಪಟ್ಟಿಗಳನ್ನು ರೆಜಿಮೆಂಟು ಹಿಡಿದು ಕೈಯಾರೆ ತಿರುವಬೇಕು. ಬೆಂಗಳೂರು ದಂಡಿನಲ್ಲಿ ಆಮೇಲೆ ಸತ್ತವರ ಶವಸಂಸ್ಕಾರವನ್ನು ಪಾದ್ರಿಗಳು ಮದ್ರಾಸಿಗೆ ವರದಿ ಮಾಡುತ್ತಿದ್ದರು. ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/2 ಸರಣಿ, ಫೈಂಡ್‌ಮೈಪಾಸ್ಟ್‌ನಲ್ಲಿ ನೋಡಬಹುದು. ಮೈಸೂರು ಸಂಸ್ಥಾನ ಎಂದು ಹುಡುಕಿದರೆ ಸಿಗುವುದಿಲ್ಲ, ಮದ್ರಾಸ್ ಪ್ರೆಸಿಡೆನ್ಸಿ ಎಂದೇ ಹುಡುಕಬೇಕು. 1944ರಲ್ಲಿ ಕೊಹಿಮಾದಲ್ಲಿ ಹೋರಾಡಿದ 1ನೇ ರಾಯಲ್ ಸ್ಕಾಟ್ಸ್, 1ನೇ ಕ್ಯಾಮರನ್ ಹೈಲ್ಯಾಂಡರ್ಸ್‌ನ ದಿನಚರಿಗಳು ಡಬ್ಲ್ಯೂಓ 172ರಲ್ಲಿವೆ.

ದಾಖಲೆಯಲ್ಲಿ ಬೆಂಗಳೂರು ಎಂದಿದೆ, ಸ್ಮಶಾನಕ್ಕೆ ಹೋದರೆ ಕಲ್ಲಿಲ್ಲ ಎನ್ನುವವರು ಬಹಳ. ದಕ್ಷಿಣ ಮತ್ತು ಪೂರ್ವ ಭಾರತದ ಹಲವು ಊರು, ದಂಡುಪ್ರದೇಶಗಳಲ್ಲಿ ಚದುರಿದ್ದ ಎರಡನೇ ಯುದ್ಧದ ಸಮಾಧಿಗಳಿಗೆಂದು 1952ರಲ್ಲಿ ಚೆನ್ನೈನ ನಂದಂಬಾಕ್ಕಂನಲ್ಲಿ ಮದ್ರಾಸ್ ವಾರ್ ಸೆಮೆಟರಿ ಮಾಡಿದರು. ಮೊದಲ ಯುದ್ಧದವರ ಸಮಾಧಿಗಳನ್ನು ಮುಟ್ಟಲಿಲ್ಲ, ಹೆಸರುಗಳನ್ನು ಮಾತ್ರ ಅದೇ ಆವರಣದ ಹಿಂಭಾಗದ ಸ್ಮಾರಕದಲ್ಲಿ ಕೊರೆದಿದ್ದಾರೆ. ಎರಡನೇ ಯುದ್ಧದವನಾದರೆ ಚೆನ್ನೈಗೆ ಟಿಕೆಟ್ ತೆಗೆಸಿ, ಹೊರಡುವ ಮುಂಚೆ ಆಯೋಗದ ಪುಟದಿಂದ ಸಾಲಿನ ಸಂಖ್ಯೆ ಬರೆದುಕೊಳ್ಳಿ. ಮೊದಲ ಯುದ್ಧದವನಾದರೆ ಅವನು ಇನ್ನೂ ಇಲ್ಲೇ, ಗುರುತಿಲ್ಲದ ನೆಲದಡಿ ಇದ್ದಾನೆ.